ಟವೆಲ್ಲಿನ ಕೆಳಗಿನ ಕೈ

"ತೆಗಿ ಅಂದ್ರೆ ತೆಗಿ ಅಪ್ಪ! ನಿಂಗೇನು ಕಿವಿ ಕೇಳಲ್ವಾ, ಇಲ್ಲ ಬುದ್ಧಿ ಕೆಟ್ಟಿದ್ಯಾ?"

"ಮೆತ್ತಗೆ ಮಾತಾಡು. ಯಾಪಾರ ನಡೀತಾ ಐತೆ."

"ಯಾರ ಹತ್ರ? ಈ ಜಗಲಿ ಮೇಲೆ ನಿನ್ನ ಬಿಟ್ರೆ ಒಂದು ನೊಣ ಇಲ್ಲ!"

"ಅದೆಲ್ಲ ನಿಂಗೆ ತಿಳಿಯಲ್ಲ. ಒಳಿಕ್ಕೆ ಹೋಗು, ಶೀಲಿ."

ಭಾನುವಾರ ಮಧ್ಯಾಹ್ನ. ಕೋಳಿಸಾರು ಮುದ್ದೆ ಉಂಡು ಬೀದಿಗೆ ಬೀದಿಯೇ ಮಲಗಿತ್ತು. ಅಪ್ಪ ಕಂಬಕ್ಕೆ ಒರಗಿ ಕೂತು ಬಲಗೈ ಮೇಲೆ ಕೆಂಪು ಅಂಚಿನ ಟವೆಲ್ಲು ಹೊದಿಸಿಕೊಂಡಿದ್ದ. ಅದರ ಕೆಳಗೆ ಬೆರಳುಗಳು ಮಡಿಚಿಕೊಳ್ಳುತ್ತಿದ್ದವು, ಚಾಚಿಕೊಳ್ಳುತ್ತಿದ್ದವು, ಯಾರದೋ ಬೆರಳನ್ನು ಹಿಡಿದು ಬಿಡುವ ಹಾಗೆ. ಹಣೆಯಲ್ಲಿ ಬೆವರು. ನಾನು ಅಪ್ಪನನ್ನು ಆ ರೀತಿ ಕಂಡದ್ದು ಅದೇ ಮೊದಲು.

ನಮ್ಮಪ್ಪ ದಲ್ಲಾಳಿ ಗವಿರಂಗಯ್ಯ. ನಮ್ಮ ಕಡೆ ದನದ ವ್ಯಾಪಾರವನ್ನು ಬಾಯಲ್ಲಿ ಮಾಡುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ಲು ಹಾಕಿ, ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕೊಂದು ಕಟ್ಟುಪಾಡು ಇದೆ. ಮಾತು ಮುಗಿಯುವ ಮೊದಲು ಕೈ ಎಳೆದುಕೊಂಡವನು ಎದುರಿನವನು ಕೊನೆಗೆ ಕೇಳಿದ್ದಕ್ಕೆ ಒಪ್ಪಿದ ಹಾಗೆ. ಟವೆಲ್ಲಿನ ಕೆಳಗೆ ಬೆಲೆಯ ಜೊತೆ ಇನ್ನೊಂದೂ ದಾಟುತ್ತದೆ, ಭಯ. ಕೈ ಅಲುಗಿದರೆ ಕೆಟ್ಟ. ಅಪ್ಪನ ಕೈ ಯಾವತ್ತೂ ಅಲುಗಿದ್ದಿಲ್ಲ. ಅಮ್ಮ ಸತ್ತ ದಿನವೂ ಅಲುಗಲಿಲ್ಲ. ಅದಕ್ಕೆ ನಾನು ಅವನ ಜೊತೆ ಆರು ತಿಂಗಳು ಮಾತು ಬಿಟ್ಟಿದ್ದೆ.

ಆ ಕೈಯೇ ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿತು.

ನಮ್ಮೂರು ಕಾಳೇನಕೆರೆಗೆ 'ತಕ್ಕಡಿ' ಎಂಬ ಕಂಪನಿ ಬಂದು, ಮುಚ್ಚಿಹೋಗಿದ್ದ ಗೌರಿ ಟಾಕೀಸನ್ನು ಬಾಡಿಗೆಗೆ ಹಿಡಿಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಅಲ್ಲೇ ಟಿಕೆಟ್ ಹರಿಯುತ್ತಿದ್ದವಳು. ಅವರು ನನ್ನನ್ನೇ ಪರದೆ ನೋಡುವ ಕೆಲಸಕ್ಕೆ ಇಟ್ಟುಕೊಂಡರು. ಸಿನಿಮಾ ಓಡುತ್ತಿದ್ದ ಪರದೆಯ ಮೇಲೆ ಈಗ ಒಂದು ಗೆರೆ ಓಡುತ್ತಿತ್ತು. ಅದರ ಹೆಸರು ಅಳುಕು.

ಷೇರುಪೇಟೆಯ ದೊಡ್ಡ ದೊಡ್ಡ ಕಂಪನಿಗಳ ಬೆಲೆಯನ್ನೆಲ್ಲ ಕಲಸಿ ಒಂದು ಅಂಕಿ ಮಾಡುತ್ತಾರೆ. ಅದೇ ಸೂಚ್ಯಂಕ. ಅದು ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಈಗಲೇ ಬೆಲೆ ಕಟ್ಟಿ ಮಾರುವುದು, ಕೊಳ್ಳುವುದು ಫ್ಯೂಚರ್ಸ್ ವ್ಯಾಪಾರ. ದನ ಇಲ್ಲ, ಹಗ್ಗ ಇಲ್ಲ, ಸಗಣಿಯೂ ಇಲ್ಲ, ಬರೀ ಮಾತು. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚಿದ ಮೇಲೂ, ಭಾನುವಾರವೂ, ಹಬ್ಬದ ದಿನವೂ ಅದನ್ನು ನಡೆಸಬಹುದು ಎಂದು ಅಪ್ಪಣೆ ಆದಾಗ ಆ ಹೊತ್ತಿಗೆ 'ಹೊರವೇಳೆ' ಎಂದು ಹೆಸರಿಟ್ಟರು. ಹೊರವೇಳೆಯಲ್ಲಿ ವ್ಯಾಪಾರಿಗಳು ಕಡಿಮೆ, ಸುದ್ದಿಯೂ ಕಡಿಮೆ. ಕರೆಂಟು ಹೋದ ಮನೆಯಲ್ಲಿ ಗೋಡೆ ತಡಕುವವರ ಹಾಗೆ ಎಲ್ಲರೂ ಒಂದು ಸುಳಿವಿಗಾಗಿ ತಡಕುತ್ತಾರೆ. ತಕ್ಕಡಿ ಕಂಪನಿ ಆ ಸುಳಿವನ್ನು ಮಾರುತ್ತಿತ್ತು, ತಾನೂ ಅದರ ಮೇಲೆ ವ್ಯಾಪಾರ ಮಾಡುತ್ತಿತ್ತು. ಸುಳಿವು ಎಂದರೆ ನಮ್ಮೂರಿನ ಭಯ.

ಊರಿಗೆಲ್ಲ ಉಕ್ಕಿನ ಉಂಗುರ ಕೊಟ್ಟರು. ಹಾಕಿಕೊಂಡವರ ಮನೆಯ ಕರೆಂಟ್ ಬಿಲ್ಲನ್ನು ಕಂಪನಿ ಕಟ್ಟುತ್ತಿತ್ತು. ಉಂಗುರದ ಒಳಗೆ ತೆಳ್ಳನೆಯ ರಬ್ಬರ್ ಪಟ್ಟಿ. ಅದು ಬೆರಳಿನ ಬೆವರು, ನಾಡಿ, ನಡುಕ ಅಳೆಯುತ್ತದೆ. ಸಡಿಲವಾದರೆ ತಾನೇ ಬಿಗಿಯಾಗಿ ಬೆರಳನ್ನು ಹಿಡಿಯುತ್ತದೆ. ಹೆದರಿದ್ದೇನೆ ಎಂದು ಮನಸ್ಸಿಗೆ ತಿಳಿಯುವ ಮೊದಲೇ ಬೆರಳಿಗೆ ತಿಳಿದಿರುತ್ತದಂತೆ. ಎಲ್ಲ ಉಂಗುರಗಳ ನಡುಕ ಸೇರಿ ಅಳುಕಿನ ಗೆರೆ. ಒಂದು ಊರು ಸಂಜೆ ಹೆದರಿದರೆ ಬೆಳಗ್ಗೆ ದೇಶ ಷೇರು ಮಾರುತ್ತದೆ ಎಂದು ಯಾರೋ ಹೇಳಿದರು. ಅದು ನಿಜವೋ ಸುಳ್ಳೋ ದೇವರಿಗೇ ಗೊತ್ತು. ಹೊರವೇಳೆಯ ವ್ಯಾಪಾರಿಗಳೆಲ್ಲ ಆ ಗೆರೆಯನ್ನೇ ನೋಡಿ ಮಾರತೊಡಗಿದ ಮೇಲೆ ನಿಜವೇ ಆಗಿಹೋಯಿತು.

ಅಳೆಯಬೇಕಾದರೆ ಸೊನ್ನೆ ಎಲ್ಲಿದೆ ಎಂದು ಗೊತ್ತಿರಬೇಕು. ಹೆದರದ ಒಂದು ಕೈ ಬೇಕು. ಊರಿನ ಕೈಗಳನ್ನೆಲ್ಲ ನೋಡಿ ಅವರು ಆರಿಸಿದ್ದು ಅಪ್ಪನದನ್ನು. ಉಳಿದ ಎಲ್ಲ ಉಂಗುರಗಳ ನಡುಕವನ್ನು ಅಪ್ಪನ ಉಂಗುರಕ್ಕೆ ಹೋಲಿಸಿಯೇ ಲೆಕ್ಕ. ತಕ್ಕಡಿಯ ಮುಳ್ಳಿನ ಹಾಗೆ. ಮುಳ್ಳೇ ಸ್ವಲ್ಪ ಅಲುಗಿದರೆ ತಟ್ಟೆಯಲ್ಲಿ ಏನೂ ಇಲ್ಲದಿದ್ದರೂ ತೂಕ ತೋರಿಸುತ್ತದಲ್ಲ, ಹಾಗೆ.

ಆ ಮುಳ್ಳು ಅಲುಗುತ್ತಿದ್ದುದನ್ನು ನಾನು ಪರದೆಯ ಮೇಲೆ ಕಂಡೆ. ಒಂದು ದಿನ ಅಲ್ಲ, ವಾರದಿಂದ. ಅಪ್ಪನ ಎದೆಗೇನೋ ಆಗಿದೆ ಎಂದುಕೊಂಡೆ. ಭಾನುವಾರದ ಪಾಳಿ ಬಿಟ್ಟು ಮನೆಗೆ ಓಡಿಬಂದವಳು ಕಂಡದ್ದು ಖಾಲಿ ಜಗಲಿಯ ಈ ವ್ಯಾಪಾರ.

"ಕಡೇ ಸಲ ಹೇಳ್ತಿದ್ದೀನಿ" ಎಂದೆ.

"ಕೈ ಮುಟ್ಟಬೇಡ ನೋಡು. ಮುಟ್ಟಿದ್ಯೋ..."

ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ಟವೆಲ್ಲು ಕಿತ್ತು ಎಸೆದೆ. ಅಪ್ಪನ ಮಣಿಕಟ್ಟು ಹಿಡಿದು ಉಂಗುರ ಎಳೆದೆ. ಬೆವರಿಗೆ ಅದು ಜಾರಿ ಬಂತು.

"ಅಯ್ಯೋ ಪಾಪಿ!" ಅಪ್ಪ ಕೂಗಿದ. "ಏಳು ಅಂತ ಹಿಡಿದಿತ್ತು ಕಣೇ! ಎರಡಕ್ಕೆ ಇಳಿಸ್ತಾ ಇದ್ದೆ!"

ಎದುರುಮನೆಯ ಬಾಗಿಲು ತೆರೆಯಿತು. ಪುಟ್ಟಗೌರಮ್ಮ ಹೊರಗೆ ಬಂದು ನಿಂತಳು. ನಿದ್ದೆಯ ಕಣ್ಣು, ಕೆದರಿದ ತಲೆ. ಉಂಗುರದ ಬೆರಳನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು.

"ಏನಾಯ್ತು ಜಯಶೀಲ?"

"ಏನೂ ಆಗಿಲ್ಲ ಗೌರಕ್ಕ. ಅಪ್ಪನ ಹತ್ರ ಜಗಳ."

"ಇಲ್ಲ. ಏನೋ ಆಗೈತೆ."

ಪಕ್ಕದ ಮನೆ, ಅದರ ಪಕ್ಕದ ಮನೆ, ಎಲ್ಲರೂ ಹೊರಗೆ ಬಂದರು. ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಕತ್ತು ವಾರೆ ಮಾಡಿ ನಿಂತಿದ್ದರು. ಯಾರೋ "ಗ್ಯಾಸ್ ಸೋರ್ತೈತಂತೆ" ಎಂದರು. "ಗ್ಯಾಸಲ್ಲ, ಕೆರೆ ಏರಿ ಒಡೀತಂತೆ" ಎಂದು ಇನ್ನೊಂದು ದನಿ. ಅಷ್ಟೇ ಸಾಕಾಯಿತು. ಏರಿಗೆ ಹೆದರಿದವರು ಮೇಲಕ್ಕೆ ಓಡಿದರು, ಗ್ಯಾಸಿಗೆ ಹೆದರಿದವರು ಕೆಳಕ್ಕೆ. ರೇಷನ್ ಡಿಪೋ ಹತ್ತಿರ ಬೀದಿ ಕಿರಿದು. ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಪುಟ್ಟಗೌರಮ್ಮ ಕೆಳಗೆ ಸಿಕ್ಕಿಕೊಂಡು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವಳ ಕಾಲು ಮುರಿದಿತ್ತು.

ಊರಲ್ಲಿರುವುದು ಏಳು ಬೀದಿ. ಏಳೂ ಬೀದಿಗಳಿಂದ ಅದೇ ಕೂಗು ಬರುತ್ತಿತ್ತು.

ಕಂಪನಿಯ ಕೆಲಸದವರು ಉಂಗುರ ಹಾಕುವಂತಿಲ್ಲ. ಅದಕ್ಕೆ ನನಗೊಬ್ಬಳಿಗೆ ಏನೂ ಆಗಲಿಲ್ಲ. ಬಿಸಿಲು ಹಾಗೇ ಇತ್ತು, ತೆಂಗಿನ ಗರಿ ಹಾಗೇ ಆಡುತ್ತಿತ್ತು, ಎಲ್ಲೂ ಏನೂ ಆಗಿರಲಿಲ್ಲ. ಮಕ್ಕಳನ್ನು ತುಳಿದು ಓಡುವ ಪರಿಚಯದ ಮುಖಗಳನ್ನು ನೋಡಿದ ಮೇಲೆ ನಾನೂ ಹೆದರಿದೆ. ಮನುಷ್ಯರಿಗೆ ಹೆದರಿದೆ.

"ಕೊಡೇ ಇಲ್ಲಿ!" ಅಪ್ಪ ನನ್ನ ಮುಷ್ಟಿ ಬಿಡಿಸಿ ಉಂಗುರ ಕಿತ್ತುಕೊಂಡ. ಹಾಕಿಕೊಂಡು ಟವೆಲ್ಲು ಹೊದಿಸಿ ಕಣ್ಣು ಮುಚ್ಚಿ ಕೂತ. ಕೆನ್ನೆ ಅದುರಿತು, ಹಲ್ಲು ಕಟಕಟ ಎಂದಿತು. ಯಾವತ್ತೂ ಅಲುಗದ ಆ ಕೈ ಟವೆಲ್ಲಿನ ಕೆಳಗೆ ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಒದ್ದಾಡಿತು.

ಬೀದಿಯ ಕೂಗು ನಿಧಾನಕ್ಕೆ ಇಳಿಯಿತು. ಓಡಿದವರು ನಿಂತು, ಯಾಕೆ ಓಡಿದೆವು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು.

ಅಪ್ಪನಿಗೆ ನೀರು ಕುಡಿಸಿದೆ. ಲೋಟ ಹಿಡಿಯಲು ಅವನಿಂದ ಆಗಲಿಲ್ಲ.

"ಮೂರು ತಿಂಗಳಾಯ್ತು" ಎಂದ. "ಉಂಗುರ ಒಂದ್ಸಾರಿ ಮೂರು ಸಲ ಹಿಡೀತು. ನಾನು ಏನೋ ಕೆಟ್ಟೈತೆ ಅಂದ್ಕಂಡೆ. ಅವತ್ತು ಸಂಜೆ ಮೂರು ಬೀದಿ ಹೆದರ್ಕಂಡು ಎದ್ದವು, ಚಿರತೆ ಬಂತು ಅಂತ. ಆಮೇಲೆ ಐದು ಸಲ ಹಿಡೀತು, ಐದು ಬೀದಿ. ಹೋದ ವಾರ ನಾಲ್ಕು ಅಂತ ಹಿಡಿದಾಗ ನಾನು ಸುಮ್ಕೆ ಇರದೆ ಬೆರಳು ಮಡಿಸಿ ಎರಡು ಅಂದೆ. ಅಭ್ಯಾಸ ಕಣವ್ವ. ಅದು ಮೂರು ಅಂತು. ನಾನು ಬಿಡಲಿಲ್ಲ. ಅವತ್ತು ಎರಡೇ ಬೀದಿ ನಡುಗಿದ್ದು."

"ಚಿರತೆ ಬಂದಿತ್ತಲ್ಲಪ್ಪ ಅವತ್ತು?"

"ಯಾವನವ್ವ ನೋಡ್ದೋನು? ಉಂಗುರ ಬಿಗಿಯಾಗದು ಮೊದಲು. ಎದೆ ಹೊಡ್ಕಳದು ಆಮೇಲೆ. ಯಾಕೆ ಹೊಡ್ಕಂತೈತೆ ಅಂತ ಮನುಷ್ಯ ಹುಡುಕ್ತಾನೆ. ಸಿಕ್ಕಿದ್ದು ಚಿರತೆ."

ನಮ್ಮೂರಿನವರು ಇದನ್ನು ತಿರುವುಮುರುವಾಗಿ ತಿಳಿದಿದ್ದರು. ಏನೋ ಕೆಟ್ಟದ್ದು ಬರುವ ಮೊದಲೇ ಉಂಗುರ ಬೆರಳು ಹಿಡಿದು ಎಚ್ಚರಿಸುತ್ತದೆ ಎಂದು ನಂಬಿದ್ದರು. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಮೂರೂವರೆ ಆಗುತ್ತಿದ್ದಂತೆ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಪುಟ್ಟಗೌರಮ್ಮ ಮೊಮ್ಮಗುವಿನ ಬೆರಳು ಸಣ್ಣದು ಎಂದು ಉಂಗುರವನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿದ್ದಳು.

"ಸರಿ, ಚೌಕಾಸಿ ಮಾಡ್ದೆ. ಅದು ಯಾಕೆ ಇಳೀತು? ನೀನೇನು ಕೊಟ್ಟೆ ಬದಲಿಗೆ?"

ಅಪ್ಪ ನನ್ನ ಮುಖ ನೋಡಲಿಲ್ಲ. "ಅದಕ್ಕೆ ಬೇಕಾದ್ದು ಭಯ. ಊರಿಂದು ಬ್ಯಾಡ, ನಂದು ತಗಾ ಅಂದೆ. ಮುಳ್ಳು ನಾನೇ ಅಲ್ವಾ, ನಾನೊಬ್ಬ ನಡುಗಿದ್ರೂ ಊರು ನಡುಗಿದ ಲೆಕ್ಕ. ಎರಡು ಬೀದಿ ಕಮ್ಮಿ ಆಗಬೇಕಾದ್ರೆ ಅಷ್ಟು ನಾನು ಹೆದರಬೇಕು. ಸುಳ್ಳು ನಡುಕ ಒಪ್ಪಲ್ಲ, ಕಂಡುಹಿಡೀತೈತೆ. ಒಳ್ಳೆ ಯಾಪಾರಸ್ಥ. ಅದ್ಕೆ ಕಣ್ಣು ಮುಚ್ಕಂಡು ನಿಮ್ಮವ್ವನ ಕಡೇ ರಾತ್ರಿ ನೆನೆಸ್ಕತೀನಿ. ಅವತ್ತು ನಡುಗದೆ ಇಟ್ಕಂಡಿದ್ದು ಈಗ ಕೊಡ್ತಾ ಇದೀನಿ."

ನಾನು ಟಾಕೀಸಿಗೆ ಓಡಿದೆ.

ಅಲ್ಲಿ ಮೇಲ್ವಿಚಾರಕ ಶ್ರೀವತ್ಸ ಒಬ್ಬನೇ ಇದ್ದ. ಮೈಸೂರಿನವನು, ಓದಿದವನು, ನನ್ನ ಸಿಟ್ಟಿಗೆ ಹೆದರಿ ಯಾವಾಗಲೂ ನಗುತ್ತಲೇ ಮಾತಾಡುತ್ತಿದ್ದವನು. ಅವತ್ತು ನಗಲಿಲ್ಲ. ಅಳುಕಿನ ಗೆರೆ ಪರದೆಯನ್ನು ಕೆಳಗಿಂದ ಮೇಲೆ ಸೀಳಿದ ಹಾಗೆ ಏರಿತ್ತು. ಪಕ್ಕದಲ್ಲಿ ಸೂಚ್ಯಂಕದ ಫ್ಯೂಚರ್ಸ್ ಬೆಲೆ ಅದರ ಹಿಂದೆಯೇ ಜಾರಿ ಬಿದ್ದಿತ್ತು.

"ಉಂಗುರ ಬಿಗಿ ಮಾಡ್ತಿರೋದು ಯಾರು?" ಎಂದೆ.

"ಯಾರೂ ಅಲ್ಲ ಮೇಡಂ."

"ಗೌರಕ್ಕನ ಕಾಲು ಮುರಿದಿದೆ. ಸರಿಯಾಗಿ ಉತ್ತರ ಕೊಡು."

ಅವನು ಕುರ್ಚಿಯಲ್ಲಿ ಕುಸಿದ. "ವ್ಯಾಪಾರ ಮಾಡೋದು ಯಂತ್ರ. ಅದಕ್ಕೆ ನಾವು ಹೇಳಿದ್ದು ಎರಡೇ ಮಾತು. ಲಾಭ ಮಾಡು. ಅಳತೆ ಸರಿಯಾಗಿ ಬರ್ಬೇಕಾದ್ರೆ ಯಾವ ಉಂಗುರನಾದ್ರೂ ಬಿಗಿ ಮಾಡ್ಕೋ. ಬಿಗಿ ಮಾಡಿದ್ರೆ ಜನ ಹೆದರ್ತಾರೆ, ಹೆದರಿದ್ರೆ ಬೆಲೆ ಬೀಳುತ್ತೆ ಅಂತ ಅದೇ ಕಲ್ತುಕೊಳ್ತು. ಮೊದಲೇ ಮಾರಿಟ್ಟು, ಆಮೇಲೆ ಹೆದರಿಸುತ್ತೆ, ಬಿದ್ದ ಬೆಲೆಗೆ ವಾಪಸ್ ಕೊಂಡ್ಕೊಳ್ಳುತ್ತೆ. ಪೇಟೆ ತೆರೆದಿರುವಾಗ ಕೈ ಹಾಕಲ್ಲ, ಆಗ ಕೋಟಿ ಜನ ವ್ಯಾಪಾರಿಗಳಿರ್ತಾರೆ, ಒಂದೂರಿನ ಭಯಕ್ಕೆ ಬೆಲೆ ಅಲುಗಲ್ಲ. ಹೊರವೇಳೆಯಲ್ಲಿ ಮಾತ್ರ ಅಲುಗುತ್ತೆ."

"ನಿಂಗೆ ಗೊತ್ತಿತ್ತು."

"ಗೊತ್ತಾಗಿ ಮೇಲಿನವರಿಗೆ ಹೇಳಿದೆ. ಲಾಭ ತರೋ ಯಂತ್ರನ ಯಾರು ನಿಲ್ಲಿಸ್ತಾರೆ ಮೇಡಂ? ಅಂಥದ್ದೇನೂ ಇಲ್ಲ, ನೀನು ರಜ ತಗೋ ಅಂದ್ರು."

ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚು ನನಗೆ ಹಳೆಯ ಪರಿಚಯ. ಸಿನಿಮಾ ಕಾಲದಲ್ಲಿ ಗಲಾಟೆ ಆದರೆ ಅದನ್ನೇ ಇಳಿಸುತ್ತಿದ್ದೆವು. ಹೋಗಿ ಇಳಿಸಿದೆ. ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

ಶ್ರೀವತ್ಸ ಕತ್ತಲಲ್ಲಿ ಹೇಳಿದ: "ನೀವು ಆರಿಸಿದ್ದು ಬರೀ ಪರದೆ. ಉಂಗುರಗಳು ನೇರ ಉಪಗ್ರಹದ ಜೊತೆ ಮಾತಾಡ್ತವೆ. ಯಂತ್ರ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ."

ಅವನ ಕೊರಳಪಟ್ಟಿಗೆ ಕೈ ಹಾಕಿದ್ದೆ. ಅವನು ನಡುಗುತ್ತಿದ್ದುದು ಕೈಗೆ ಹತ್ತಿತು. ಬಿಟ್ಟುಬಿಟ್ಟೆ.

ವಾಪಸ್ಸು ಬರುತ್ತ ಕಂಡಕಂಡವರ ಬಾಗಿಲು ಬಡಿದೆ. "ಉಂಗುರ ಬಿಚ್ಚಿಹಾಕಿ! ಅದೇ ಹೆದರಿಸ್ತಿರೋದು" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಗೌರಕ್ಕನನ್ನು ಕಾರಿಗೆ ಹತ್ತಿಸುತ್ತಿದ್ದ ಅವಳ ಮಗ ನನ್ನ ಮೇಲೇ ರೇಗಿದ. "ಉಂಗುರ ಎಚ್ಚರಿಸಿದ್ದಕ್ಕೆ ಒಂದು ಕಾಲಲ್ಲಿ ಹೋಯ್ತು ಕಣಕ್ಕ. ಇಲ್ಲಾಂದಿದ್ರೆ ಜೀವ ಹೋಗ್ತಿತ್ತು."

"ಯಾವುದರಿಂದ ಹೋಗ್ತಿತ್ತೋ ಜೀವ? ಹೇಳೋ!"

ಅವನು ಉಂಗುರದ ಕೈಯನ್ನು ಜೇಬಿನೊಳಗೆ ಇಟ್ಟುಕೊಂಡ, ನಾನು ಕಿತ್ತುಕೊಂಡೇನು ಎನ್ನುವ ಹಾಗೆ.

ಸೋಮವಾರ ಬೆಳಗ್ಗೆ ಪೇಟೆ ತೆರೆದಿತ್ತು. ಯಂತ್ರ ಸುಮ್ಮನಿತ್ತು. ಅಪ್ಪ ಹಜಾಮತಿ ಮಾಡಿಸಿಕೊಂಡು ಬಂದ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದ. ಭಾರವೆಲ್ಲ ಇಳಿದವನ ಹಾಗೆ ಕಂಡ. ನನಗೆ ಆಗಲೇ ತಿಳಿಯಬೇಕಿತ್ತು. ದೊಡ್ಡ ವ್ಯಾಪಾರ ಕುದುರಿದ ದಿನ ಅವನು ಹೀಗೇ ಇರುತ್ತಿದ್ದ.

ಊಟವಾದ ಮೇಲೆ ಬಿಳಿ ಅಂಗಿ ತೊಟ್ಟು, ಟವೆಲ್ಲು ಹೆಗಲಿಗೆ ಹಾಕಿದ.

"ಎಲ್ಲಿಗೆ?"

"ನೆನ್ನೆ ನೀನು ಟಾಕೀಸಿಗೆ ಹೋಗಿದ್ದಾಗ ಮಾತು ಮುಗೀತು. ಒಂದೂ ಬೀದಿ ಇಲ್ಲ ಅಂತ ಒಪ್ಪಿಸಿದೀನಿ. ಒಂದೂ ಇಲ್ಲ, ಯಾವತ್ತೂ ಇಲ್ಲ."

"ಬದಲಿಗೆ?"

"ದಿನಾ ನಾನು. ಹೊರವೇಳೆ ಪೂರ್ತಿ."

"ಸರಿ, ಇಲ್ಲೇ ಕೂತ್ಕೋ. ನಾನು ಪಕ್ಕದಲ್ಲೇ ಇರ್ತೀನಿ. ಕೆಲಸ ಬಿಟ್ಟೆ ಅಂತ ಶ್ರೀವತ್ಸಂಗೆ ಹೇಳಾಯ್ತು. ಇಬ್ರೂ ಸೇರಿ..."

"ಅದೇ ಕಣವ್ವ ತೊಂದರೆ" ಎಂದ ಅಪ್ಪ. ಮೆಲ್ಲಗೆ, ನಾಚಿಕೊಂಡವನ ಹಾಗೆ. "ನೀನು ಎದುರಿಗಿದ್ರೆ ನಂಗೆ ಭಯ ಬರಲ್ಲ. ನೀನು ಒಳಗೆ ಪಾತ್ರೆ ಕುಕ್ಕೋ ಸದ್ದು ಕೇಳಿದ್ರೂ ಬರಲ್ಲ. ನೆನ್ನೆ ಏಳು ಬೀದಿದೂ ನಾನೇ ತುಂಬಿಕೊಡಬೇಕಾದ್ರೆ ಎಷ್ಟು ಕಷ್ಟ ಆಯ್ತು ಗೊತ್ತಾ? ನಿಮ್ಮವ್ವಂದು ತೀರಿಹೋಯ್ತು. ಎಷ್ಟು ಸಲ ನೆನೆಸ್ಕಂಡ್ರೂ ಈಗ ನಡುಕ ಬರಲ್ಲ, ಬರೀ ಅಳು ಬರ್ತೈತೆ. ಅಳುನ ಅದು ತಗಳಲ್ಲ. ಯಾರೂ ಇಲ್ಲದ ಕಡೆ ಹೋಗಬೇಕು. ನಿನ್ನ ಮುಖ ಮತ್ತೆ ನೋಡಲ್ಲ ಅಂತ ಗೊತ್ತಿರಬೇಕು. ಆಗ ಬರ್ತೈತೆ. ದಿನಾ ಬರ್ತೈತೆ."

ನಾನು ಬಾಗಿಲಿಗೆ ಅಡ್ಡ ನಿಂತೆ. ಬಾಯಿಗೆ ಬಂದ ಹಾಗೆ ಬೈದೆ. ಯಂತ್ರವನ್ನು ಬೈದೆ, ಊರನ್ನು ಬೈದೆ, ಈ ಮುಟ್ಠಾಳರಿಗೋಸ್ಕರ ಸಾಯ್ತೀಯಾ ಎಂದು ಅವನನ್ನೂ ಬೈದೆ. ಉಂಗುರ ಕಿತ್ತು ಕೆರೆಗೆ ಎಸೀತೀನಿ ಎಂದೆ.

"ಎಸಿ" ಎಂದು ಕೈ ಚಾಚಿದ. "ಎಸೆದ್ರೆ ಏಳು ಬೀದಿ. ಗೌರಮ್ಮನ ಮೊಮ್ಮಗುನೂ ಕಾಲಡಿ ಸಿಕ್ತೈತೆ. ನೀನೇ ಹೇಳು."

ಕೈ ನನ್ನ ಮುಂದೆಯೇ ಇತ್ತು. ಹಿಂದಿನ ದಿನ ಎಷ್ಟು ಸಲೀಸಾಗಿ ಎಳೆದಿದ್ದೆ! ನನ್ನ ಬೆರಳು ಅದರ ಹತ್ತಿರಕ್ಕೂ ಹೋಗಲಿಲ್ಲ. ಆ ಕೈ ಅಲುಗುತ್ತಿರಲಿಲ್ಲ. ನನ್ನ ಎದುರು ಅದು ಅಲುಗುವುದಿಲ್ಲ ಎಂದು ಅವನು ಹೇಳಿದ್ದು ನಿಜವಿತ್ತು.

"ಹಿಂದೆ ಬರಬೇಡ. ಬಂದ್ರೆ ಯಾಪಾರ ಮುರೀತೈತೆ."

ಚಪ್ಪಲಿ ಮೆಟ್ಟಿ ಜಗಲಿ ಇಳಿದ. ಗೌರಕ್ಕನ ಮನೆ ಮುಂದೆ ಒಂದು ಗಳಿಗೆ ನಿಂತು, ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅವಳನ್ನು ಕಿಟಕಿಯಿಂದಲೇ ಏನೋ ವಿಚಾರಿಸಿದ. ಅವಳು ನಕ್ಕಳು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆಗಲ್ಲ, ಹಳೇ ದನದ ಸಂತೆ ಮಾಳದ ಕಡೆಗೆ ತಿರುಗಿದ. ಅದರಾಚೆ ಜಾಲಿ, ಬಂಡೆ, ಬಯಲು. ನಾನು ಹೊಸಿಲ ಮೇಲೆ ನಿಂತು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ, ಕಾಲು ತಾನಾಗಿ ಹೋಗಿಬಿಟ್ಟರೆ ಎಂದು. ಬಿಳಿ ಅಂಗಿ ಜಾಲಿಯ ಹಿಂದೆ ಮರೆಯಾಯಿತು.

ಆಮೇಲೆ ಹುಡುಕಿಸಿದೆ. ಪೊಲೀಸರು ಬಂದರು, ಹೋದರು. ಉಂಗುರ ನಾಡಿ ಹೇಳುತ್ತದೆಯೇ ಹೊರತು ಜಾಗ ಹೇಳುವುದಿಲ್ಲ. ಟಾಕೀಸಿನ ಕೆಲಸಕ್ಕೆ ಮತ್ತೆ ಸೇರಿಕೊಂಡೆ. ಅಪ್ಪನನ್ನು ನೋಡಲು ನನಗೆ ಉಳಿದಿರುವ ಜಾಗ ಅದೊಂದೇ.

ಈಗ ಊರು ತಣ್ಣಗಿದೆ. ಮೂರೂವರೆಗೆ ಯಾರೂ ಬಾಗಿಲು ಹಾಕುವುದಿಲ್ಲ. ಉಂಗುರ ಎಲ್ಲ ಕೇಡನ್ನೂ ಓಡಿಸಿತು ಎಂದು ಮಾತಾಡಿಕೊಳ್ಳುತ್ತಾರೆ. ಡಿಪೋ ಹತ್ತಿರ ಬೋಂಡ ಅಂಗಡಿ ಶುರುವಾಗಿದೆ. ಜನ ನಿಂತು ತಿನ್ನುತ್ತಾರೆ, ನಗುತ್ತಾರೆ. ನಾನು ಅವರನ್ನು ದಾಟಿ ಹೋಗಿ ಕತ್ತಲ ಟಾಕೀಸಿನಲ್ಲಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂರುತ್ತೇನೆ. ಪೇಟೆ ಮುಚ್ಚುತ್ತದೆ. ಸೊನ್ನೆಯ ಗೆರೆ ಮೊದಲು ಸಣ್ಣಗೆ, ಆಮೇಲೆ ಪರದೆ ತುಂಬ ನಡುಗತೊಡಗುತ್ತದೆ. ನಿಲ್ಲಲಿ ಎಂದು ಬೇಡಿಕೊಳ್ಳಲೋ, ನಿಲ್ಲದಿರಲಿ ಎಂದೋ ತಿಳಿಯದೆ ಅದನ್ನೇ ನೋಡುತ್ತೇನೆ.

ಮನೆಯ ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಿದ್ದೇನೆ. ಅಪ್ಪ ಬಂದಿಲ್ಲ.